ಬಾಯಿಲ್ಲದ ಘಟ

ಕಂಬುಗ್ರೀವವುಳ್ಳದ್ದು ಘಟ, ನೀರನ್ನು ತರುವುದು ಅದರ ಪ್ರಯೋಜನ ಎಂದು ತಾರ್ಕಿಕರು ಹೇಳುವರಷ್ಟೆ. ಹಾಗಾದರೆ ಕೊರಳಿಲ್ಲದೆ, ನೀರನ್ನೂ ಹಿಡಿಯದೆ ಇರುವ ಮೃಣ್ಮಯವಸ್ತುವನ್ನು ಏನೆಂದು ಕರೆಯಬೇಕು? ಜಪಾನಿನ ಆಧುನಿಕ ಕುಂಭಕಲೆಯನ್ನು ಕುರಿತ ವಿವಾದಕ್ಕೆ ಈ ಪ್ರಶ್ನೆಯೇ ಮೂಲ.

1948ರಲ್ಲಿ ಕ್ಯೋತೋ ನಗರದ ಯಾಗಿ ಕಜುವೊ, ಸುಜುಕಿ ಒಸಾಮು, ಯಾಮಾದಾ ಹಿಕಾರು ಮೊದಲಾದ ತರುಣರು ಸೋದೇಯಿಶಾ ಎಂಬ ಗೋಷ್ಠಿಯನ್ನು ಕಟ್ಟಿದರು. ಚೀನದ ಪ್ರಾಚೀನ ಪಾತ್ರೆಗಳ ಮೆರುಗಿನಲ್ಲಿ, ಎರೆಹುಳು ಕೆಸರಿನಲ್ಲಿ ಹರಿದ ಜಾಡಿನಂತೆ ಕಾಣುವ ಗೆರೆಗಳಿಂದ ಆ ಹೆಸರು ಬಂದಿತು. 1954ರಲ್ಲಿ ಯಾಗಿಯವರು ‘ಸಾಮ್ಸಾ ಮಹಾಶಯನ ವಿಹಾರ’ವನ್ನು ರಚಿಸಿದರು. ಸಾಮ್ಸಾ ಎಂಬುವನು ಕಾಫ್ಕನ ಕಥೆಯಲ್ಲಿ ಕೀಟವಾಗಿ ಮಾರ್ಪಟ್ಟವನು. ತಿಗುರಿಯಲ್ಲಿ ತಿರುಗಿಸಿದ ಬಳೆಯೊಂದು ನೆಟ್ಟಗೆ ನಿಂತಿದೆ. ಅದರ ಮೈಮೇಲೆ ಸಣ್ಣ ಕೊಳವೆಗಳು. ಪಾತ್ರೆಯ ಬಾಯಿ ಎಂಬುದು ಅದಕ್ಕಿಲ್ಲ.

ಇದನ್ನು ಕುಲವೃತ್ತಿಗೆ ಬಗೆದ ದ್ರೋಹವೆಂದು ಆಕ್ಷೇಪಿಸುವುದು ಸುಲಭ. ಆದರೆ ಕುಂಭಕಾರನ ಮಗನಾದ ಯಾಗಿಯವರು ಇಲ್ಲಿ ತಿಗುರಿಯನ್ನು ಬಿಟ್ಟಿಲ್ಲ. ಮುಖ್ಯಾರ್ಥವು ಬಾಧಿತವಾದಲ್ಲಿ ವ್ಯಂಗ್ಯಕ್ಕೆ ಎಡೆಯಾಗುವಂತೆ, ಪ್ರಯೋಜನವು ತಪ್ಪಿದಲ್ಲಿ ಮಣ್ಣಿನ ಧ್ವನಿ ಕೇಳಿಬರುತ್ತದೆ.

ಓಸಾಕಾದ ಮಿಶಿಮಾ ಕಿಮಿಯೊ (1932–2024) ಅವರದು ಬೇರೆಯ ಮಾರ್ಗ. ಆಕೆ ತೆಳುವಾದ ಮಣ್ಣಿನ ಹಾಳೆಯ ಮೇಲೆ ವೃತ್ತಪತ್ರಿಕೆಯನ್ನು ಅಚ್ಚೊತ್ತಿ, ಮುದುರಿ, ಸುಟ್ಟರು. ಓದಿ ಬಿಸುಡುವ ಸುದ್ದಿಯು ಕೈಜಾರಿದರೆ ಚೂರಾಗುವ ವಸ್ತುವಾಯಿತು. ಕಾಗದದಲ್ಲಿ ಈ ಅರ್ಥವು ಸಿದ್ಧಿಸದು.

ಬಾಯನ್ನು ಮುಚ್ಚಿದ ಮಾತ್ರಕ್ಕೆ ಘಟವು ಕಲೆಯಾಗದು. ಅದೇ ರೂಪವನ್ನು ಮರದಲ್ಲಿಯೋ ಲೋಹದಲ್ಲಿಯೋ ಮಾಡಿದರೂ ನಷ್ಟವಿಲ್ಲವೆಂದಾದರೆ ಅಲ್ಲಿ ಮಣ್ಣು ವ್ಯರ್ಥ. ಈ ಪರೀಕ್ಷೆಯಲ್ಲಿ ಇವರಿಬ್ಬರ ಕೃತಿಗಳು ಗೆಲ್ಲುತ್ತವೆ. ರೂಪವೈಚಿತ್ರ್ಯವೊಂದನ್ನೇ ನೆಚ್ಚಿದವು ಸೋಲುತ್ತವೆ.