ಮುಂಬೈಗೆ ಹೋದ ಚಂಡೆ, ನ್ಯೂಯಾರ್ಕಿಗೆ ಹೋದ ಡೋಲು

ಹೊನ್ನಾವರದವರಿಗೆ ಮುಂಬೈ ಎಂದೂ ಪರದೇಶವಾಗಿರಲಿಲ್ಲ. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸ್ ಪ್ರಾಂತದಿಂದ ಬೇರ್ಪಡಿಸಿ ಮುಂಬೈ ಪ್ರಾಂತಕ್ಕೆ ಸೇರಿಸಲಾಯಿತು. ಅಲ್ಲಿಂದ 1956ರ ನವೆಂಬರ್ 1ರವರೆಗೆ ಮುಂಬೈಯೇ ನಮ್ಮ ರಾಜಧಾನಿ. ಮೊದಲು ಹಡಗಿನಲ್ಲಿ, ಆಮೇಲೆ ಬಸ್ಸಿನಲ್ಲಿ, 1998ರ ನಂತರ ಶರಾವತಿಯ ಮೇಲಿನ ಉದ್ದ ಸೇತುವೆ ದಾಟುವ ಕೊಂಕಣ ರೈಲಿನಲ್ಲಿ ನಮ್ಮ ಹುಡುಗರು ಅಲ್ಲಿಗೆ ಹೋಗುತ್ತಲೇ ಇದ್ದಾರೆ. ಹೋಟೆಲಿನಲ್ಲಿ ತಟ್ಟೆ ತೊಳೆದರು, ಗಲ್ಲಾದಲ್ಲಿ ಕುಳಿತರು, ರಾತ್ರಿ ಶಾಲೆಯಲ್ಲಿ ಓದಿ ಗುಮಾಸ್ತರಾದರು. ಅವರ ಹಿಂದೆಯೇ ಚಂಡೆ, ಮದ್ದಲೆಗಳೂ ಹೋದವು.

ಊರು ಬಿಟ್ಟವರ ಕಲೆ ಹೊಸ ಊರಿನಲ್ಲಿ ಏನಾಗುತ್ತದೆ? ಅದು ಹಳೆಯ ಊರಿನ ನೆನಪಾಗಿ ಉಳಿಯಬಹುದು, ಇಲ್ಲವೇ ಹೊಸ ಊರಿನ ನಾಲಗೆಯಾಗಿ ಬೆಳೆಯಬಹುದು. ಎರಡನೆಯದಕ್ಕೆ ಜಗತ್ತು ಕೊಡುವ ಪ್ರಸಿದ್ಧ ಉದಾಹರಣೆ ನ್ಯೂಯಾರ್ಕಿನ ಸಾಲ್ಸಾ ಸಂಗೀತ. ಅದರ ಕತೆಯನ್ನು ನಮ್ಮ ಯಕ್ಷಗಾನದ ಪಕ್ಕದಲ್ಲಿಟ್ಟು ನೋಡಿದರೆ ಕೆಲವು ಕಹಿ ಪ್ರಶ್ನೆಗಳು ಏಳುತ್ತವೆ.

ಸಾಲ್ಸಾದ ಬೇರು ಕ್ಯೂಬಾ ದ್ವೀಪದ ‘ಸೋನ್’ ಎಂಬ ಹಾಡಿನಲ್ಲಿದೆ. ಸ್ಪೇನಿನಿಂದ ಬಂದ ತಂತಿವಾದ್ಯ ಮತ್ತು ಗುಲಾಮರಾಗಿ ಸಾಗಿಸಲ್ಪಟ್ಟ ಆಫ್ರಿಕನ್ನರ ತಾಳ ಎರಡೂ ಕೂಡಿದ ಹಾಡು ಅದು. ನೆರೆಯ ಪೋರ್ಟೊರಿಕೊ ದ್ವೀಪದವರಿಗೆ 1917ರಲ್ಲಿ ಅಮೆರಿಕದ ಪೌರತ್ವ ಸಿಕ್ಕಿತ್ತು. ಎರಡನೆಯ ಮಹಾಯುದ್ಧದ ನಂತರ ಅವರು ಲಕ್ಷಗಟ್ಟಲೆ ಜನ ನ್ಯೂಯಾರ್ಕಿಗೆ ವಲಸೆ ಬಂದು ಪೂರ್ವ ಹಾರ್ಲೆಮ್, ಬ್ರಾಂಕ್ಸ್‌ಗಳ ಬಡ ವಠಾರಗಳಲ್ಲಿ ನೆಲೆಸಿದರು. ಐವತ್ತರ ದಶಕದಲ್ಲಿ ಟೀಟೊ ಪುಯೆಂತೆ ಮೊದಲಾದವರ ಮಾಂಬೊ ಕುಣಿತಕ್ಕೆ ಇಡೀ ನಗರ ಮಾರುಹೋಯಿತು. 1959ರ ಕ್ಯೂಬಾ ಕ್ರಾಂತಿ ಮತ್ತು ಅದರ ಬೆನ್ನಿಗೆ ಬಂದ ಅಮೆರಿಕದ ದಿಗ್ಬಂಧನದಿಂದ ಮೂಲ ದ್ವೀಪದ ನಂಟು ಕಡಿದುಹೋಯಿತು. ಇನ್ನು ಊರಿನಿಂದ ಹೊಸ ಹಾಡು ಬರುವಂತಿರಲಿಲ್ಲ. ವಲಸಿಗರ ಮಕ್ಕಳು ತಮ್ಮ ಹಾಡನ್ನು ತಾವೇ ಕಟ್ಟಬೇಕಾಯಿತು.

1964ರಲ್ಲಿ ಡೊಮಿನಿಕನ್ ಮೂಲದ ಜಾನಿ ಪಚೆಕೊ ಮತ್ತು ಇಟಾಲಿಯನ್ ಮೂಲದ ವಕೀಲ ಜೆರ್ರಿ ಮಸೂಚಿ ಸೇರಿ ‘ಫಾನಿಯಾ’ ಎಂಬ ರೆಕಾರ್ಡ್ ಕಂಪೆನಿ ಆರಂಭಿಸಿದರು. ಮೊದಮೊದಲು ಕಾರಿನ ಡಿಕ್ಕಿಯಲ್ಲಿ ರೆಕಾರ್ಡುಗಳನ್ನು ಹೊತ್ತು ಅಂಗಡಿಯಿಂದ ಅಂಗಡಿಗೆ ಮಾರಿದವರು 1973ರಲ್ಲಿ ಯಾಂಕಿ ಕ್ರೀಡಾಂಗಣವನ್ನೇ ತುಂಬಿಸಿದರು. ‘ಸಾಲ್ಸಾ’ ಎಂದರೆ ಗೊಜ್ಜು. ಮಾರಾಟಕ್ಕೆ ಅನುಕೂಲವಾದ ಹೆಸರು ಅಷ್ಟೆ. ಗೊಜ್ಜು ತಿನ್ನುವ ವಸ್ತು, ನುಡಿಸುವುದಲ್ಲ ಎಂದು ಪುಯೆಂತೆಯೇ ಗೊಣಗಿದ್ದುಂಟು. ಆದರೆ ಆ ಹೆಸರಿನಲ್ಲಿ ಒಂದು ಸತ್ಯವೂ ಇತ್ತು. ಅಲ್ಲಿ ಕ್ಯೂಬಾದ ಸೆಲಿಯಾ ಕ್ರೂಸ್ ಇದ್ದರು, ಯಹೂದಿ ಪಿಯಾನೊ ವಾದಕ ಲ್ಯಾರಿ ಹಾರ್ಲೊ ಇದ್ದರು. ಜನಾಂಗ, ಧರ್ಮ ಯಾವುದೂ ತಾಳಕ್ಕೆ ಅಡ್ಡ ಬರಲಿಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ಹಾಡಿನ ವಸ್ತು. ಪನಾಮಾದ ರುಬೆನ್ ಬ್ಲೇಡ್ಸ್ ಮತ್ತು ಬ್ರಾಂಕ್ಸ್‌ನಲ್ಲಿ ಹುಟ್ಟಿದ ವಿಲ್ಲಿ ಕೊಲೊನ್ 1978ರಲ್ಲಿ ಹೊರತಂದ ‘ಸಿಯೆಂಬ್ರಾ’ದಲ್ಲಿ ‘ಪೆದ್ರೊ ನವಾಹಾ’ ಎಂಬ ಹಾಡಿದೆ. ಬೀದಿಯ ರೌಡಿಯೊಬ್ಬ ಮತ್ತು ದೇಹ ಮಾರುವ ಹೆಣ್ಣೊಬ್ಬಳು ನಗರದ ಬೀದಿಯಲ್ಲೇ ಒಬ್ಬರನ್ನೊಬ್ಬರು ಕೊಂದುಕೊಳ್ಳುವ ಕತೆ ಅದು. ತೆಂಗಿನ ತೋಪು, ಬಿಟ್ಟುಬಂದ ಹಳ್ಳಿಯ ಹಂಬಲ ಅದರಲ್ಲಿಲ್ಲ. ಕೇಳುವವನು ಪ್ರತಿದಿನ ನಡೆಯುವ ಬೀದಿಯೇ ಹಾಡಾಗಿತ್ತು.

ಈಗ ಮುಂಬೈಯ ಕಡೆಗೆ ತಿರುಗೋಣ. ಯಕ್ಷಗಾನದ ಬಡಗು ಶೈಲಿಗೆ ಹೊನ್ನಾವರ ದೊಡ್ಡ ತವರು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ, ಶಂಭು ಹೆಗಡೆಯವರ ಅಭಿನಯ, ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರ, ಇವೆಲ್ಲ ಈ ಮಣ್ಣಿನವು. ಮಳೆಗಾಲದಲ್ಲಿ ಊರಿನ ಆಟಗಳು ನಿಂತಾಗ ಕರಾವಳಿಯ ಕಲಾವಿದರು ತಂಡ ಕಟ್ಟಿಕೊಂಡು ಮುಂಬೈ ಪ್ರವಾಸ ಹೊರಡುವುದು ರೂಢಿಯಾಯಿತು. ಬೆಳಗಿನವರೆಗೆ ನಡೆಯುತ್ತಿದ್ದ ಆಟ ಸಭಾಂಗಣದ ಬಾಡಿಗೆಗೂ ಕೊನೆಯ ಲೋಕಲ್ ರೈಲಿಗೂ ಹೊಂದಿಕೊಂಡು ಮೂರ್ನಾಲ್ಕು ತಾಸಿಗೆ ಇಳಿಯಿತು. ಅಂದರೆ ನಗರ ಯಕ್ಷಗಾನದ ಗಡಿಯಾರವನ್ನು ಬದಲಾಯಿಸಿತು. ಕತೆಯನ್ನು ಬದಲಾಯಿಸಿತೆ?

ಹೆಚ್ಚೇನೂ ಇಲ್ಲ ಎಂದೇ ಹೇಳಬೇಕು. ಬೇಡಿಕೆ ಇರುವುದು ಅದೇ ಕೀಚಕನಿಗೆ, ಅದೇ ಕೌರವನಿಗೆ. ಹೊಸ ಪ್ರಸಂಗ ಬಂದರೂ ಅದು ಕ್ಷೇತ್ರಮಹಾತ್ಮೆ, ಇಲ್ಲವೇ ಸಿನಿಮಾ ಕತೆಗೆ ಕಿರೀಟ ತೊಡಿಸಿದ್ದು. ಹೋಟೆಲಿನ ಅಟ್ಟದ ಮೇಲೆ ಮಲಗುವ ಹುಡುಗ, ಮುಚ್ಚಿದ ಗಿರಣಿಯ ಕಾರ್ಮಿಕ, 1992-93ರ ಗಲಭೆಯಲ್ಲಿ ಹೆದರಿ ಕುಳಿತ ವಠಾರ, ಇವರಿಗೆ ಆ ರಂಗದಲ್ಲಿ ಜಾಗ ಸಿಗಲಿಲ್ಲ.

ಇದಕ್ಕೆ ಕಲಾವಿದರನ್ನು ದೂರುವುದು ಅನ್ಯಾಯ. ಸಾಲ್ಸಾದ ಒಡೆಯ ರೆಕಾರ್ಡ್ ಕೊಳ್ಳುವ, ಟಿಕೇಟು ಪಡೆದು ಕುಣಿಯುವ ಕೂಲಿ ಯುವಕನಾಗಿದ್ದ. ಮುಂಬೈಯ ಆಟಕ್ಕೆ ಹಣ ಹಾಕುವವರು ಗೆದ್ದು ಮೇಲೆ ಬಂದ ಉದ್ಯಮಿಗಳು ಮತ್ತು ಜಾತಿ ಸಂಘಗಳು. ಗೆದ್ದವನಿಗೆ ಬೇಕಾದುದು ಬಾಲ್ಯದ ಊರು. ತಾನು ತಟ್ಟೆ ತೊಳೆದ ದಿನಗಳಲ್ಲ. ಆಟದ ನಡುವೆ ಅರ್ಧ ತಾಸು ನುಂಗುವ ಸನ್ಮಾನ, ಶಾಲು, ಹಾರಗಳನ್ನು ನೋಡಿದರೆ ರಂಗ ಯಾರ ಕೈಯಲ್ಲಿದೆ ಎಂಬುದು ಅರ್ಥವಾಗುತ್ತದೆ. ಈ ನೆರವಿಲ್ಲದಿದ್ದರೆ ಎಷ್ಟೋ ಕಲಾವಿದರ ಮನೆಯಲ್ಲಿ ಮಳೆಗಾಲದ ಒಲೆ ಉರಿಯುತ್ತಿರಲಿಲ್ಲ ಎಂಬುದೂ ನಿಜವೇ.

ಕುತೂಹಲದ ಸಂಗತಿ ಎಂದರೆ, ಯಕ್ಷಗಾನ ಮಾಡದ ಕೆಲಸವನ್ನು ಇದೇ ಕರಾವಳಿಯ ಗದ್ಯ ಮಾಡಿತು. ಕುಮಟಾ ತಾಲೂಕಿನ ಹನೇಹಳ್ಳಿಯ ಯಶವಂತ ಚಿತ್ತಾಲರು 1979ರ ‘ಶಿಕಾರಿ’ಯಲ್ಲಿ ಮುಂಬೈಯ ಕಂಪೆನಿ ಜಗತ್ತಿನ ಭಯವನ್ನು ಕನ್ನಡದ ಅನುಭವವಾಗಿಸಿದರು. ಗೋಕರ್ಣದ ಜಯಂತ ಕಾಯ್ಕಿಣಿಯವರ ಕತೆಗಳಲ್ಲಿ ಮದುವೆಯ ಕರೆಯೋಲೆ ಅಚ್ಚು ಹಾಕಿಸಲು ಹೊರಟ ಅನಾಥ ಜೋಡಿಯೂ ನಮ್ಮವರೇ ಆಗುತ್ತಾರೆ. ಆ ಕತೆಗಳ ಇಂಗ್ಲಿಷ್ ಅನುವಾದ ‘ನೋ ಪ್ರೆಸೆಂಟ್ಸ್ ಪ್ಲೀಸ್’ಗೆ 2018ರ ಡಿಎಸ್‌ಸಿ ಪ್ರಶಸ್ತಿ ಬಂತು. ಚಿತ್ತಾಲರಿಗೂ ಕಾಯ್ಕಿಣಿಯವರಿಗೂ ದಾನಿಗಳ ಒಪ್ಪಿಗೆ ಬೇಕಿರಲಿಲ್ಲ, ಕಾಗದ ಸಾಕಿತ್ತು.

ಹಾಗಾದರೆ ಯಕ್ಷಗಾನಕ್ಕೆ ಇದು ಸಾಧ್ಯವೇ ಇಲ್ಲವೆ? ಇದೆ. ಸಾಲ್ಸಾದಲ್ಲಿ ಹಿಮ್ಮೇಳದವರು ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುವಾಗ ಮುಖ್ಯ ಗಾಯಕ ನಡುವೆ ತನ್ನ ಮಾತನ್ನು ಆಶುವಾಗಿ ಹೆಣೆಯುತ್ತಾನೆ. ನಗರ ಹಾಡಿನೊಳಗೆ ನುಗ್ಗಿದ್ದು ಆ ಬಿರುಕಿನಿಂದಲೇ. ನಮ್ಮಲ್ಲಿ ಭಾಗವತರ ಪದ ಮುಗಿದ ಮೇಲೆ ಅರ್ಥಧಾರಿಗೆ ಸಿಗುವ ಅವಕಾಶವೂ ಅಂಥದ್ದೇ. ವೇಷಭೂಷಣವಿಲ್ಲದ ತಾಳಮದ್ದಲೆಯಲ್ಲಂತೂ ಮಾತೇ ಸರ್ವಸ್ವ. ಜಬ್ಬಾರ್ ಸಮೋ ಅವರಂತಹ ಮುಸ್ಲಿಂ ಅರ್ಥಧಾರಿಯನ್ನು ಜನ ಮೆಚ್ಚಿ ಕೇಳುತ್ತಾರೆ. ಬಪ್ಪನಾಡು ಕ್ಷೇತ್ರದ ಪ್ರಸಂಗದಲ್ಲಿ ಬಪ್ಪ ಬ್ಯಾರಿ ಎಂಬ ವ್ಯಾಪಾರಿ ಪಾತ್ರವಾಗಿ ಬಂದ. ಈ ಕಲೆಯ ಬಾಗಿಲು ಕಿರಿದಲ್ಲ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು? ಕರ್ಣನ ಪಾತ್ರ ವಹಿಸಿದವನು ಕುಲ ಕೇಳಿಸಿಕೊಂಡ ನೋವನ್ನು ಆಡುವಾಗ, ಹೆಸರು ಕೇಳಿಯೇ ಬಾಡಿಗೆ ಮನೆ ನಿರಾಕರಿಸಲ್ಪಟ್ಟವನ ನೋವು ಅದರಲ್ಲಿ ಬೆರೆಯಬಾರದೆ?

ಪುರಾಣ ಬಿಡಿ ಎಂದು ಇಲ್ಲಿ ಹೇಳುತ್ತಿಲ್ಲ. ಸಾಲ್ಸಾ ಕೂಡ ಹಳೆಯ ತಾಳವನ್ನು ಬಿಡಲಿಲ್ಲ. ಆ ತಾಳಕ್ಕೆ ಹೊಸ ಬೀದಿಯನ್ನು ತೋರಿಸಿತು. ಭಟ್ಕಳ, ಹೊನ್ನಾವರ, ಕುಮಟಾಗಳಿಂದ ಇಂದಿಗೂ ಹುಡುಗರು ಮುಂಬೈ, ಬೆಂಗಳೂರು, ದುಬೈಗಳಿಗೆ ಹೋಗುತ್ತಲೇ ಇದ್ದಾರೆ. ಅವರ ಮಕ್ಕಳಿಗೆ ಅಜ್ಜನ ಊರಿನ ನೆನಪು ಇರುವುದಿಲ್ಲ, ತಮ್ಮ ಬೀದಿಯ ನೆನಪು ಇರುತ್ತದೆ. ಆ ಬೀದಿಗೆ ಅರ್ಥ ಹೇಳದ ಚಂಡೆಯ ಸದ್ದು ಅವರ ಕಿವಿಗೆ ಎಷ್ಟು ದಿನ ಕೇಳಿಸೀತು?