ಎರಡು ಸುಲೋಚನೆಯರ ನಡುವೆ

ಕಣ್ಣಿಗೆ ಸುಲೋಚನ ಬಂದು ನನಗೆ ಮೂವತ್ತು ವರ್ಷವಾಯಿತು. ಅದರಿಂದ ಬೇಸರವೇನೂ ಆಗಿರಲಿಲ್ಲ. ನಾಲ್ಕಕ್ಷರ ಬಲ್ಲವನ ಮೂಗಿಗೆ ಅದೂ ಒಂದು ಒಡವೆ ಎಂದುಕೊಂಡಿದ್ದೆ. ಕಿವಿಯ ಸರದಿ ಬಂದಾಗ ಮಾತ್ರ ಎದೆ ಧಸಕ್ಕೆಂದಿತು. 2018ರ ಕೊನೆಯಲ್ಲಿ ವೈದ್ಯರೊಬ್ಬರು ನನ್ನ ಎರಡು ಕಿವಿಗಳನ್ನೂ ಪರೀಕ್ಷಿಸಿ, “ನಿಮಗೆ ಸದ್ದು ಕೇಳುತ್ತೆ, ಮಾತು ಕೇಳೋದಿಲ್ಲ, ಅಲ್ವೆ?” ಎಂದರು. ಹೌದು, ನನ್ನ ರೋಗ ಅದೇ. ಬಸ್ಸಿನ ಹಾರನ್ನು, ಕುಕ್ಕರಿನ ಸೀಟಿ ಎಲ್ಲವೂ ಕೇಳುತ್ತಿದ್ದವು. ಮನೆಯಾಕೆ ಅಡಿಗೆಮನೆಯಿಂದ ಆಡಿದ ಮಾತು ಮಾತ್ರ ಅಂಚು ಸವೆದ ನಾಣ್ಯದ ಹಾಗೆ ಬಂದು ಬೀಳುತ್ತಿತ್ತು: ಬಿದ್ದದ್ದು ಗೊತ್ತು, ಬೆಲೆ ಎಷ್ಟೆಂದು ಗೊತ್ತಿಲ್ಲ.

ವೈದ್ಯರು ಕಿವಿಗೊಂದು ಪುಟ್ಟ ಯಂತ್ರವನ್ನು ಬರೆದುಕೊಟ್ಟರು. ನಾನು ಕೇಳಿದ ಮೊದಲ ಪ್ರಶ್ನೆ, “ಸಿನಿಮಾಕ್ಕೆ ಹೋಗಬಹುದೆ?” ಎಂಬುದು. ಅವರು ನಕ್ಕು, “ಧಾರಾಳವಾಗಿ ಹೋಗಿ. ಆದರೆ ಗದ್ದಲ ಹೆಚ್ಚಾದರೆ ಯಂತ್ರ ತೆಗೆದು ಜೇಬಿಗೆ ಹಾಕ್ಕೊಳ್ಳಿ” ಎಂದರು. ನಾನು ವಿಮರ್ಶಕನಲ್ಲ. ಟೆಂಟಿನಲ್ಲಿ ಘಂಟಸಾಲರು ಹಾಡಿದ ವೆಂಕಟೇಶನ ಪ್ರಾರ್ಥನೆ ಕೇಳಿಬಂದೊಡನೆ ಕೈತುತ್ತು ಬಿಟ್ಟು ಓಡುತ್ತಿದ್ದ ತುಮಕೂರು ಸೀಮೆಯ ಹುಡುಗ. ಈಗ ಬೆಂಗಳೂರಿನಲ್ಲಿ ಪಿಂಚಣಿ ಉಣ್ಣುವ ಮುದುಕ. ಇಷ್ಟು ವರ್ಷ ಕಣ್ಣಿಟ್ಟು ಸಿನಿಮಾ ನೋಡಿದವನು ಅಂದಿನಿಂದ ಕಿವಿಯಿಟ್ಟು ನೋಡತೊಡಗಿದೆ. ವೈದ್ಯರ ಆ ಒಂದು ವಾಕ್ಯವೇ ನನ್ನ ವಿಮರ್ಶೆಯ ಅಳತೆಗೋಲಾಯಿತು. ಈ ಚಿತ್ರದಲ್ಲಿ ಕೇಳುವುದು ಸದ್ದೋ, ಮಾತೋ? ಹೊಡೆದಾಟದ ಚಿತ್ರವಿರಲಿ, ಪ್ರೇಮದ ಚಿತ್ರವಿರಲಿ, ದೆವ್ವದ ಚಿತ್ರವಿರಲಿ, ಪ್ರಶ್ನೆ ಇದೊಂದೇ.

ಕನ್ನಡ ಚಿತ್ರಕ್ಕೆ ಮಾತು ಬಂದದ್ದು 1934ರ ಮಾರ್ಚ್ 3ರಂದು, ‘ಸತಿ ಸುಲೋಚನಾ’ದಿಂದ. ವೈ. ವಿ. ರಾವ್ ನಿರ್ದೇಶಿಸಿದ ಆ ವಾಕ್ಚಿತ್ರ ತಯಾರಾದದ್ದು ಕೊಲ್ಹಾಪುರದಲ್ಲಿ. ಸುಬ್ಬಯ್ಯನಾಯ್ಡು ಇಂದ್ರಜಿತು, ಆರ್. ನಾಗೇಂದ್ರರಾಯರು ರಾವಣ, ತ್ರಿಪುರಾಂಬ ಸುಲೋಚನೆ. ಚಿತ್ರದ ಪ್ರತಿ ಉಳಿದಿಲ್ಲ. ಕನ್ನಡದ ತೆರೆ ಆಡಿದ ಮೊದಲ ಮಾತನ್ನು ಕೇಳುವ ಭಾಗ್ಯ ಇನ್ನು ಯಾರಿಗೂ ಇಲ್ಲ. ನಾಟಕದ ಕಂಪೆನಿಗಳಲ್ಲಿ ಪಳಗಿದ ಆ ಜನಕ್ಕೆ ಒಂದು ವಿದ್ಯೆ ಗೊತ್ತಿತ್ತು: ಹಿಂದಿನ ಸಾಲಿನ ಬೆಂಚಿನಲ್ಲಿ ಕುಳಿತವನಿಗೂ ಮಾತು ಮುಟ್ಟಬೇಕು. ಧ್ವನಿವರ್ಧಕ ಬಂದ ಮೇಲೆ ಆ ಚಿಂತೆ ತಪ್ಪಿತು. ಚಿಂತೆ ತಪ್ಪಿದಲ್ಲಿ ವಿದ್ಯೆಯೂ ತಪ್ಪುತ್ತದೆ ಎಂಬುದು ನನ್ನ ಅನುಮಾನ.

ಯಂತ್ರ ಹಾಕಿಕೊಂಡು ನಾನು ನೋಡಿದ ಮೊದಲ ಚಿತ್ರ ‘ಕೆ.ಜಿ.ಎಫ್.’ನ ಮೊದಲ ಅಧ್ಯಾಯ. 2018ರ ಡಿಸೆಂಬರ್ 21ರಂದು ಅದು ಬಿಡುಗಡೆಯಾದಾಗ ಊರಿಗೆ ಊರೇ ಹಬ್ಬ ಮಾಡಿತು. ಶ್ರೀ ಪ್ರಶಾಂತ್ ನೀಲ್ ಅವರ ಚಿತ್ರ ಬರಿಯ ಗದ್ದಲ ಎಂದು ಮೂಗು ಮುರಿದವರಿದ್ದಾರೆ. ನಾನು ಆ ಗುಂಪಿನವನಲ್ಲ. ಕಣ್ಣಿಗೆ ಕತ್ತಲೆ ಕವಿಸುವ ಆ ಧೂಳಿನ ಲೋಕದಲ್ಲಿ ನಮ್ಮನ್ನು ಕೈಹಿಡಿದು ನಡೆಸಿದ್ದು ಅನಂತನಾಗ್ ಅವರ ಕಂಠ. ಒಬ್ಬ ಹಿರಿಯ ಪತ್ರಕರ್ತ ಕತೆ ಹೇಳುತ್ತಾನೆ, ನಾವು ಕೇಳುತ್ತೇವೆ. ಹರಿಕತೆಯ ದಾಸರು ರಾಮಾಯಣ ಹೇಳಿದ ಹಾಗೆ. ಸುತ್ತಿಗೆಯ ಪೆಟ್ಟು ಎಷ್ಟು ಬಿದ್ದರೂ ಆ ಮಾತಿಗೆ ಜಾಗವಿತ್ತು. ತಾಯಿ ಮಗನಿಗೆ ಹೇಳಿದ ಮಾತೇ ಕತೆಯ ಬೀಜವೂ ಆಗಿತ್ತು. 2022ರ ಏಪ್ರಿಲ್‌ನಲ್ಲಿ ಬಂದ ಎರಡನೆಯ ಅಧ್ಯಾಯದಲ್ಲಿ ಕತೆ ಹೇಳುವ ಕೆಲಸ ಪ್ರಕಾಶ್ ರಾಜ್ ಅವರ ಪಾಲಿಗೆ ಬಂತು. ಅವರ ಕಂಠಕ್ಕೆ ಕೊರತೆಯಿಲ್ಲ. ಸುತ್ತಲಿನ ಸದ್ದು ಅದನ್ನು ನುಂಗಿತು. ನಾಯಕ ‘ದೊಡ್ಡಮ್ಮ’ ಎಂಬ ಬಂದೂಕನ್ನು ಹಿಡಿದು ಪೊಲೀಸ್ ಠಾಣೆಯನ್ನು ಪುಡಿಗಟ್ಟಿ, ಕಾದ ಕೊಳವೆಗೆ ಸಿಗರೇಟು ಹಚ್ಚಿಕೊಂಡ ಹೊತ್ತಿಗೆ ನನ್ನಾಕೆ ನನ್ನ ಮೊಣಕೈ ತಿವಿದು, “ರೀ, ಯಂತ್ರ ತೆಗೀರಿ” ಎಂದಳು. ತೆಗೆದೆ. ಚಿತ್ರದ ಉಳಿದ ಭಾಗ ಏನೂ ಕಡಮೆಯಾಗದೆ ಅರ್ಥವಾಯಿತು! ಇದನ್ನು ಹೊಗಳಿಕೆ ಎಂದು ತಿಳಿಯಬಾರದು.

ಆ ವರ್ಷದ ಸೆಪ್ಟೆಂಬರ್ 30ರಂದು ‘ಕಾಂತಾರ’ ಬಂತು. ಶ್ರೀ ರಿಷಬ್ ಶೆಟ್ಟಿಯವರ ಈ ಚಿತ್ರದ ದೈವದ ಕೂಗನ್ನು ಕೇಳದ ಕನ್ನಡಿಗ ಇಲ್ಲ. ಬೀದಿಯ ಮಕ್ಕಳು ತಿಂಗಳುಗಟ್ಟಲೆ ಅದನ್ನು ಅನುಕರಿಸುತ್ತಿದ್ದರು. ಆದರೆ ಆ ಕೂಗು ಬೆನ್ನುಹುರಿಗೆ ತಟ್ಟಿದ್ದು ಅದು ದೊಡ್ಡದಾಗಿತ್ತೆಂದಲ್ಲ. ಅದಕ್ಕೆ ಮೊದಲು ಊರಿನ ಜನ ಜಗಳವಾಡಿದ್ದರು, ಚೇಷ್ಟೆ ಮಾಡಿದ್ದರು, ಕಂಬಳದ ಗದ್ದೆಯಲ್ಲಿ ಕೂಗಾಡಿದ್ದರು. ಕರಾವಳಿಯ ಕನ್ನಡ ತನ್ನೆಲ್ಲ ಏರಿಳಿತಗಳೊಂದಿಗೆ ನಮ್ಮ ಕಿವಿಯಲ್ಲಿ ಮನೆ ಮಾಡಿತ್ತು. ಮನುಷ್ಯರ ಮಾತು ಅಷ್ಟು ಗುರುತಾದ ಮೇಲೆ ಮನುಷ್ಯರದಲ್ಲದ ಕೂಗು ಕೇಳಿದಾಗ ಮೈ ನಡುಗಿತು. ಕೊನೆಯಲ್ಲಿ ದೈವ ಮಾತೇ ಆಡುವುದಿಲ್ಲ. ಊರವರ ಕೈಗಳನ್ನೂ ಅರಣ್ಯಾಧಿಕಾರಿಯ ಕೈಯನ್ನೂ ಒಂದೆಡೆ ಸೇರಿಸಿ ಎದೆಗೊತ್ತಿಕೊಳ್ಳುತ್ತದೆ. ಕಾಡು ಯಾರದು, ಕಾನೂನು ಯಾರದು ಎಂಬ ಜಗಳಕ್ಕೆ ಅದು ತೀರ್ಪಲ್ಲ ಎಂದು ವಾದ ಮಾಡಬಹುದು. ನಾನೂ ಮನೆಗೆ ಹೋಗುವ ದಾರಿಯಲ್ಲಿ ಮಾಡಿದೆ. ಆದರೆ ಆ ಗಳಿಗೆಯಲ್ಲಿ ನನ್ನ ಕಿವಿಯೂ ನಿಮ್ಮ ಕಿವಿಯೂ ಸಮಾನವಾದವು. ಯಂತ್ರ ಬೇಕಾಗಲಿಲ್ಲ. 2025ರ ಅಕ್ಟೋಬರ್ 2ರಂದು ಬಂದ ‘ಕಾಂತಾರ ಅಧ್ಯಾಯ 1’ ಕದಂಬರ ಕಾಲಕ್ಕೆ ಹೋಗಿ, ಅರಮನೆ ಕಟ್ಟಿ, ರಥ ಓಡಿಸಿತು. ರಥ ಓಡುವಾಗ ನಾನೂ ಕುರ್ಚಿಯ ತುದಿಗೆ ಬಂದಿದ್ದೆ. ಆದರೆ ದೈವ ಮತ್ತೆ ಮತ್ತೆ ಮೈದುಂಬಿ ಮತ್ತೆ ಮತ್ತೆ ಕೂಗಿದಾಗ, ಹತ್ತು ಸಲ ಬಡಿದ ಗಂಟೆಯ ಹಾಗೆ ಅದು ಸದ್ದಾಗಿ ಉಳಿಯಿತು. ಮೊದಲ ಚಿತ್ರದ ಊರಿನ ಜನರ ಹರಟೆಗಾಗಿ ನಾನು ಕೊನೆಯವರೆಗೂ ಕಾದೆ.

ಸದ್ದನ್ನು ಮಾತಾಗಿಸುವುದು ಕಡಮೆ ಹಣದಲ್ಲಿಯೂ ಸಾಧ್ಯ. ಶ್ರೀ ರಾಜ್ ಬಿ. ಶೆಟ್ಟಿಯವರ ‘ಗರುಡ ಗಮನ ವೃಷಭ ವಾಹನ’ (2021) ಮಂಗಳಾದೇವಿಯ ಪುಂಡರ ಕತೆ. ಅದರಲ್ಲಿ ರಕ್ತ ಬೇಕಾದಷ್ಟಿದೆ. ಆದರೆ ಕೊಲೆಗಾರ ಹುಲಿಯಂತೆ ಕುಣಿಯುವಾಗ ತೆರೆಯ ಹಿಂದಿನಿಂದ ಬರುವುದು ರಣಭೇರಿಯಲ್ಲ, ಮಾದಪ್ಪನ ಮೇಲಿನ ಒಂದು ಹಳ್ಳಿಯ ಪದ, ಹೆಣ್ಣುಕಂಠದಲ್ಲಿ. ಕರಾವಳಿಯ ಕುಣಿತಕ್ಕೆ ಚಾಮರಾಜನಗರದ ಬೆಟ್ಟದ ಭಕ್ತಿ! ಹೊಂದಬಾರದ ಎರಡು ಹೊಂದಿದ್ದರಿಂದಲೇ ಆ ಹುಡುಗನ ಮೇಲೆ ಭಯವೂ ಕನಿಕರವೂ ಒಟ್ಟಿಗೆ ಹುಟ್ಟಿದವು. ‘ಶಾಖಾಹಾರಿ’ಯಲ್ಲಿ (2024) ಮಲೆನಾಡಿನ ಒಂದು ಸಣ್ಣ ಹೋಟೆಲಿನ ಅಡಿಗೆಭಟ್ಟ ರಂಗಾಯಣ ರಘು. ಅಬ್ಬರದ ನಗೆಪಾತ್ರಗಳಲ್ಲಿಯೇ ಅವರನ್ನು ಬಲ್ಲ ನನಗೆ ಆ ಮೆಲುದನಿ ಹೊಸದು. ಕೊಲೆಯ ಕತೆಯಾದರೂ ಅಲ್ಲಿ ಭಯ ಹುಟ್ಟುವುದು ಅವರು ಸುಮ್ಮನಾದಾಗ.

ಪ್ರೇಮಕತೆಗಳಲ್ಲಿ ನನ್ನನ್ನು ಬಹಳ ದಿನ ಕಾಡಿದ್ದು ಶ್ರೀ ಹೇಮಂತ್ ರಾವ್ ಅವರ ‘ಸಪ್ತ ಸಾಗರದಾಚೆ ಎಲ್ಲೋ’. 2023ರ ಸೆಪ್ಟೆಂಬರ್‌ನಲ್ಲಿ ‘ಸೈಡ್ ಎ’, ನವೆಂಬರ್‌ನಲ್ಲಿ ‘ಸೈಡ್ ಬಿ’. ಹೆಸರನ್ನು ನೋಡಿದೊಡನೆ ನನ್ನ ವಯಸ್ಸಿನವರಿಗೆ ಕ್ಯಾಸೆಟ್ಟಿನ ನೆನಪಾಗುತ್ತದೆ. ಕಾರು ಚಾಲಕ ಮನು ಯಜಮಾನನ ಮಗನ ಅಪರಾಧವನ್ನು ತನ್ನ ತಲೆಗೆ ಕಟ್ಟಿಕೊಂಡು ಸೆರೆಮನೆಗೆ ಹೋಗುತ್ತಾನೆ; ಸಮುದ್ರದ ದಡದಲ್ಲಿ ಒಂದು ಮನೆಯ ಆಸೆ, ಅದಕ್ಕಾಗಿ ಒಂದಿಷ್ಟು ಹಣ. ಹಾಡುವ ಹುಡುಗಿ ಪ್ರಿಯಾ ಹೊರಗೆ ಉಳಿಯುತ್ತಾಳೆ. ಅವನ ಪಾಲಿಗೆ ಅವಳು ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟ ಧ್ವನಿಯಾಗುತ್ತಾಳೆ. ಮುಖ ಕಾಣದೆ ಧ್ವನಿಯೊಂದನ್ನೇ ನಂಬಿ ಬದುಕುವವನ ಪಾಡನ್ನು ನೋಡುತ್ತ, ಮುಖ ಕಂಡೂ ಧ್ವನಿ ಕೇಳದ ನನಗೆ ಗಂಟಲು ಕಟ್ಟಿತು. ನನ್ನಾಕೆ ಅಂದು ಏನೂ ಮಾತಾಡಲಿಲ್ಲ. ಅಥವಾ ಆಡಿದ್ದು ನನಗೆ ಕೇಳಿಸಲಿಲ್ಲ. ಸಂಗೀತ ನಿರ್ದೇಶಕ ಚರಣ್ ರಾಜ್ ಮೌನಕ್ಕೂ ತಾಳವಿದೆ ಎಂದು ಬಲ್ಲವರು. ಎರಡನೆಯ ಭಾಗದಲ್ಲಿ, ಮನು ಸೆರೆಯಿಂದ ಹೊರಬಂದ ಮೇಲೆ, ಹೊಡೆದಾಟ ಬೇಕಾಗಿರಲಿಲ್ಲವೆಂದು ನನ್ನ ಎಣಿಕೆ. ಅಷ್ಟು ಹೊತ್ತು ಪಿಸುಮಾತಾಡಿದ ಚಿತ್ರ, ನಾವು ಎದ್ದುಹೋದೇವೆಂದು ಹೆದರಿ ಕೂಗಿಕೊಂಡಂತಾಯಿತು.

ಇಲ್ಲಿ ಒಂದು ದೂರು ಹೇಳಬೇಕು. ಉತ್ಸವ್ ಗೋನವಾರರ ‘ಫೋಟೋ’ (2024) ಬಂದಾಗ ನಾನು ತಡಮಾಡಿದೆ. ಹೋಗುವ ಹೊತ್ತಿಗೆ ನಮ್ಮ ಕಡೆಯ ಚಿತ್ರಮಂದಿರದಿಂದ ಅದು ಎದ್ದುಹೋಗಿತ್ತು. ವಿಧಾನಸೌಧದ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಳ್ಳಬೇಕೆಂಬ ಆಸೆಯಿಂದ ಉತ್ತರ ಕರ್ನಾಟಕದ ಹುಡುಗನೊಬ್ಬ ಬೆಂಗಳೂರಿನಲ್ಲಿ ಕೂಲಿ ಮಾಡುವ ತಂದೆಯ ಬಳಿಗೆ ಬರುತ್ತಾನೆ. 2020ರ ಲಾಕ್‌ಡೌನ್ ಬಂದು ಬೀಳುತ್ತದೆ. ತಂದೆ ಮಗ ಊರಿಗೆ ನಡೆಯುತ್ತಾರೆ. ಇಷ್ಟೇ ಕತೆ. ಬಳಿಕ ಮನೆಯಲ್ಲಿ ಕುಳಿತು ನೋಡಿದಾಗಲೂ ಆ ಹೆಜ್ಜೆಯ ಸದ್ದು ಸಾಕಾಗಿತ್ತು. ಇಂಥ ಚಿತ್ರಗಳು ಒಂದು ಶುಕ್ರವಾರ ಬಂದು ಮುಂದಿನ ಶುಕ್ರವಾರಕ್ಕೆ ಮಾಯವಾಗುತ್ತವೆ. ದೋಷ ಮಾಲೀಕರದೊಂದೇ ಅಲ್ಲ. ತಡಮಾಡಿದ ನನ್ನಂಥವರದೂ ಹೌದು.

ಮನೆಯಲ್ಲಿ ನೋಡುವುದು ಕಿವುಡರಿಗೆ ಅನುಕೂಲ ಎಂದು ಸ್ನೇಹಿತರು ಸಮಾಧಾನ ಹೇಳುತ್ತಾರೆ. ಕೆಳಗೆ ಅಕ್ಷರ ಬರುತ್ತದಲ್ಲ! ಬರುತ್ತದೆ, ಆದರೆ ಇಂಗ್ಲಿಷಿನಲ್ಲಿ. ನಾನು ಮನೆಯಲ್ಲಿ ನೋಡಿದ ಕನ್ನಡ ಚಿತ್ರ ಒಂದರಲ್ಲಿಯೂ ಕೆಳಗೆ ಕನ್ನಡ ಅಕ್ಷರ ಸಿಗಲಿಲ್ಲ. ಉತ್ತರ ಕರ್ನಾಟಕದ ತಂದೆ ಮಗನಿಗೆ ಹೇಳಿದ ಬುದ್ಧಿಮಾತನ್ನು ನಾನು ಇಂಗ್ಲಿಷಿನಲ್ಲಿ ಓದಿಕೊಂಡು, ಮತ್ತೆ ಕನ್ನಡಕ್ಕೆ ತಿರುಗಿಸಿಕೊಂಡು, ಕಣ್ಣೀರು ಹಾಕಬೇಕು. ಅಷ್ಟರಲ್ಲಿ ದೃಶ್ಯ ಮುಗಿದಿರುತ್ತದೆ. ಕೋಟಿಗಳ ಲೆಕ್ಕ ಹೇಳುವ ಉದ್ಯಮ ಈ ಸಣ್ಣ ಉಪಕಾರ ಮಾಡಬಾರದೆ? ವಯಸ್ಸಾದ ಪ್ರೇಕ್ಷಕರು ಚಿತ್ರರಂಗಕ್ಕೆ ಬೇಡವಾದರೆ ಹೇಳಿಬಿಡಲಿ. ಬೇಕೆಂದರೆ ನಮ್ಮ ಭಾಷೆಯನ್ನು ನಮ್ಮ ಲಿಪಿಯಲ್ಲಿ ಕೊಡಲಿ.

ಕೊನೆಗೆ ಎರಡನೆಯ ಸುಲೋಚನೆ. 2025ರ ಜುಲೈ 25ರಂದು, ದೊಡ್ಡ ಹೆಸರಿನ ನಾಯಕನಿಲ್ಲದೆ, ‘ಸು ಫ್ರಮ್ ಸೋ’ ಬಂತು. ಸುಲೋಚನಾ ಫ್ರಮ್ ಸೋಮೇಶ್ವರ. ಜೆ. ಪಿ. ತುಮಿನಾಡ್ ಬರೆದು, ನಿರ್ದೇಶಿಸಿ, ತಾವೇ ಅಶೋಕನಾಗಿ ನಟಿಸಿದ ಚಿತ್ರ. ಅಶೋಕನ ಮೈಮೇಲೆ ಸತ್ತ ಹೆಂಗಸೊಬ್ಬಳು ಬಂದಿದ್ದಾಳೆಂದು ಊರಿಗೆ ಊರೇ ನಂಬುತ್ತದೆ. ನಗೆಯೆಲ್ಲ ಹುಟ್ಟುವುದು ಮಾತಿನಿಂದ, ಅದೂ ಚಿಕ್ಕ ಮಾತಿನಿಂದ. ಒಬ್ಬ ಹೇಳಿದ್ದನ್ನು ಇನ್ನೊಬ್ಬ ಅರ್ಧ ಕೇಳಿ, ಮೂರನೆಯವನು ಒಂದೂವರೆಯಾಗಿ ಹೇಳುತ್ತಾನೆ. ನನ್ನ ರೋಗ ಒಂದು ಊರಿಗೇ ಬಂದರೆ ಹೇಗೆ, ಹಾಗೆ! ನಗುನಗುತ್ತಲೇ ಚಿತ್ರ ಇನ್ನೊಂದು ಕಡೆಗೆ ತಿರುಗುತ್ತದೆ. ಸುಲೋಚನೆಗೆ ಭಾನು ಎಂಬ ಮಗಳಿದ್ದಾಳೆ, ಜೀವಂತವಾಗಿದ್ದಾಳೆ, ಕಷ್ಟದಲ್ಲಿದ್ದಾಳೆ. ಅವಳ ಮಾತಿಗೆ ಯಾರೂ ಕಿವಿಗೊಟ್ಟಿಲ್ಲ. ಬದುಕಿರುವ ಹೆಣ್ಣಿನ ಮಾತು ಕೇಳದ ಊರು, ಸತ್ತ ಹೆಣ್ಣಿನ ಹೆಸರಿಗೆ ಕೈಕಟ್ಟಿ ನಿಲ್ಲುತ್ತದೆ. ಇಷ್ಟು ತೀಕ್ಷ್ಣವಾದ ಟೀಕೆಯನ್ನು ಇಷ್ಟು ಹಗುರವಾಗಿ ಆಡಿದ ಕನ್ನಡ ಚಿತ್ರ ಇತ್ತೀಚೆಗೆ ನನಗೆ ಕಂಡಿಲ್ಲ. ಕೊರತೆಯೂ ಅಲ್ಲಿಯೇ ಇದೆ. ಹೆಣ್ಣಿನ ನೋವಿನ ಈ ಕತೆಯಲ್ಲಿ ಮಾತೆಲ್ಲ ಗಂಡಸರದೇ; ಭಾನುವಿಗೆ ಇನ್ನೊಂದು ಹತ್ತು ವಾಕ್ಯ ಕೊಟ್ಟಿದ್ದರೆ ಚಿತ್ರ ಕೆಡುತ್ತಿರಲಿಲ್ಲ.

ಮೊದಲನೆಯ ಸುಲೋಚನೆಯ ಧ್ವನಿ ನಮಗೆ ಸಿಗದಂತೆ ಹೋಯಿತು. ಎರಡನೆಯ ಸುಲೋಚನೆಯ ಧ್ವನಿಯನ್ನು ಕೇಳಲು ಊರೇ ಸಾಯುವವರೆಗೆ ಕಾಯಿತು. ಈ ಎರಡರ ನಡುವೆ ತೊಂಬತ್ತೊಂದು ವರ್ಷ. ಕನ್ನಡ ಚಿತ್ರ ಅಂಗಳ ದಾಟಿ ದೇಶವೆಲ್ಲ ಸುತ್ತಿದೆ ಎಂದು ಹೆಮ್ಮೆಪಡುವ ಕಾಲ ಇದು. ನನಗೂ ಹೆಮ್ಮೆಯಿದೆ. ಆದರೆ ಸದ್ದು ಯಾವ ಊರಿಗಾದರೂ ಹೋದೀತು; ಮಾತು ಒಂದು ಊರಿನಲ್ಲಿಯೇ ಹುಟ್ಟಬೇಕು. ಆ ಊರನ್ನು ಮರೆಯದ ಚಿತ್ರಗಳೇ ನನ್ನ ಕಿವಿಯಲ್ಲಿ ಉಳಿದಿವೆ.

‘ಸು ಫ್ರಮ್ ಸೋ’ವನ್ನು ನಾವು ಎರಡು ಸಲ ನೋಡಿದೆವು. ಮೊದಲ ಸಲ ಜನರ ನಗೆಯಲ್ಲಿ ಎಷ್ಟೋ ಮಾತು ಮುಳುಗಿಹೋಗಿ, ಅದನ್ನು ಹೆಕ್ಕಿಕೊಳ್ಳಲೆಂದು ಇನ್ನೊಮ್ಮೆ ಟಿಕೀಟು ತೆಗೆದೆ. ಎರಡನೆಯ ಸಲವೂ ಅದೇ ಜಾಗದಲ್ಲಿ ಅದೇ ನಗೆ. ನನ್ನಾಕೆ ಬಲಗಿವಿಯ ಹತ್ತಿರ ಬಾಗಿ ಆ ಮಾತನ್ನು ಬಿಡಿಬಿಡಿಸಿ ಹೇಳಿದಳು. ಇಡೀ ಸಭೆ ನಕ್ಕು ಸುಮ್ಮನಾದ ಮೇಲೆ ನಾನೊಬ್ಬ ಗಟ್ಟಿಯಾಗಿ ನಕ್ಕೆ. ಮುಂದಿನ ಸಾಲಿನ ಹುಡುಗರು ತಿರುಗಿ ನೋಡಿದರು. ನೋಡಲಿ ಬಿಡಿ.