ಮೈಕ್ ತೆಗೆದ ಮಾತ್ರಕ್ಕೆ ಹಳೆಯ ಕಾಲ ಮರಳದು

ಮೈಕ್ ಇಲ್ಲದ ಮನೆ ಕಛೇರಿಗಳನ್ನು ನಾನು ಹುಡುಕಿಕೊಂಡು ಹೋಗಿ ಕೇಳುವವನು. ಆದ್ದರಿಂದಲೇ ಅವುಗಳ ಬಗ್ಗೆ ರಸಿಕರಲ್ಲಿ ಬೇರೂರಿರುವ ನಂಬಿಕೆಯೊಂದನ್ನು ಪ್ರಶ್ನಿಸಬೇಕೆನಿಸಿದೆ. ಮೈಕ್ ಬಂದು ನಾದ ಕೆಟ್ಟಿತು, ಅದನ್ನು ತೆಗೆದರೆ ಹಿರಿಯರ ಶುದ್ಧ ಸಂಗೀತ ಮತ್ತೆ ಸಿಗುತ್ತದೆ ಎಂಬ ಈ ನಂಬಿಕೆಗೆ ಇತಿಹಾಸದ ಬೆಂಬಲವಿಲ್ಲ.

ಪಿಟೀಲು ಚೌಡಯ್ಯನವರು ನಾಲ್ಕು ತಂತಿಗಳ ವಾದ್ಯಕ್ಕೆ ಇನ್ನೂ ಮೂರು ಸೇರಿಸಿದ್ದು ಹಿಂದಿನ ಸಾಲಿಗೂ ನಾದ ಮುಟ್ಟಲೆಂದು. ಆ ಕಾಲದ ಗಾಯಕರು ಎತ್ತರದ ಶ್ರುತಿ ಹಿಡಿಯುತ್ತಿದ್ದುದಕ್ಕೂ ಇದೊಂದು ಮುಖ್ಯ ಕಾರಣ. ಮೈಕ್ ಬರುವ ಮುಂಚಿನ ಸಭಾ ಸಂಗೀತ ಪಿಸುಮಾತಿನದಲ್ಲ, ದೂರಕ್ಕೆ ಕೇಳಿಸಲು ಹೆಣಗುತ್ತಿದ್ದ ಸಂಗೀತ. ಎಂ.ಡಿ. ರಾಮನಾಥನ್ ಅಷ್ಟು ತಗ್ಗಿನ ಶ್ರುತಿಯಲ್ಲಿ, ಅಷ್ಟು ವಿಳಂಬದಲ್ಲಿ ಹಾಡಿ ದೊಡ್ಡ ಸಭೆಯನ್ನು ಹಿಡಿದಿಡಲು ಸಾಧ್ಯವಾದದ್ದು ಮೈಕ್ ಇದ್ದುದರಿಂದ. ಇಂದು ನಾವು ಮನೆಯ ಹಜಾರದಲ್ಲಿ ಅರಸುವ ಆಪ್ತತೆಯ ರುಚಿ ಹತ್ತಿಸಿದ್ದರಲ್ಲಿ ಮೈಕಿನ ಪಾಲೂ ಇದೆ.

ವೀಣೆಯ ವಿಷಯ ಬೇರೆ ಎನ್ನುವವರಿದ್ದಾರೆ. ವೀಣೆ ಶೇಷಣ್ಣನವರ (1852–1926) ಮೈಸೂರು ಬಾನಿ ಬೆಳೆದದ್ದು ಅರಮನೆಯ ಆಶ್ರಯದಲ್ಲಿ, ಯಾವ ಯಂತ್ರದ ನೆರವೂ ಇಲ್ಲದೆ. ವಾದ ಬಲವಾದದ್ದೇ. ಆದರೆ ಶೇಷಣ್ಣನವರಿಂದ ವೆಂಕಟಗಿರಿಯಪ್ಪನವರಿಗೆ, ಅವರಿಂದ ದೊರೆಸ್ವಾಮಿ ಅಯ್ಯಂಗಾರರಿಗೆ ಬಂದ ಆ ಬಾನಿ ನಮ್ಮಲ್ಲಿ ಅನೇಕರ ಕಿವಿಗೆ ಬಿದ್ದದ್ದು ಆಕಾಶವಾಣಿಯಿಂದ. ಮೈಕ್ ತಿದ್ದಿದ ಆ ಕಿವಿಯನ್ನು ಕಳಚಿಟ್ಟು ಯಾರೂ ಕಛೇರಿಗೆ ಹೋಗಲಾರರು.

ಈಚೆಗೆ ಬಸವನಗುಡಿಯ ಮನೆಯೊಂದರಲ್ಲಿ ಸ್ಥಳೀಯ ತಂಡವೊಂದರ ವೀಣೆ, ಮೃದಂಗ, ಘಟ ಕೇಳಿದೆ. ತೋಡಿ ಆಲಾಪನೆಯಲ್ಲಿ ಒಂದೇ ಮೀಟಿಗೆ ಗಾಂಧಾರವನ್ನು ಎಳೆದು, ನಾದ ಕರಗುವವರೆಗೂ ಕಾದ ವೈಣಿಕರ ಸಂಯಮ ಅಪರೂಪದ್ದು. ವಾಸುದೇವಾಚಾರ್ಯರ ಖಮಾಚ್ ಕೃತಿ ‘ಬ್ರೋಚೇವಾರೆವರುರಾ’ದಲ್ಲಿ ಮೃದಂಗ ತನ್ನ ನುಡಿಕಾರವನ್ನು ವೀಣೆಯ ಅಳತೆಗೆ ಇಳಿಸಿಕೊಂಡಿತು. ಸಭೆಯಲ್ಲಿ ಈ ಸಮತೋಲ ಸೌಂಡ್ ನೋಡಿಕೊಳ್ಳುವವರ ಕೈಯಲ್ಲಿರುತ್ತದೆ. ಇಲ್ಲಿ ಅದು ಕಲಾವಿದರ ವಿವೇಕಕ್ಕೇ ಸೇರಿದ್ದು. ಇಂಥ ಕಛೇರಿಯ ನಿಜವಾದ ಲಾಭ ಇದು. ಶುದ್ಧತೆಯ ಗುಂಗಿನಲ್ಲಿ ನಾವು ಗಮನಿಸದೆ ಹೋಗುವುದೂ ಇದನ್ನೇ.

ಆದರೆ ತನಿ ಆವರ್ತನ ಬಂದಾಗ ಆ ವಿವೇಕ ಜಾರಿತು. ಮೃದಂಗ, ಘಟ ಎರಡೂ ದೊಡ್ಡ ಸಭಾಂಗಣಕ್ಕೆ ನುಡಿಸುವ ಹಾಗೆ ಅಬ್ಬರಿಸಿದವು. ಅದು ಮುಗಿದ ಮೇಲೆ ವೀಣೆ ಪೇಲವವಾಗಿ ಕೇಳಿಸಿತು. ಕಲಾವಿದರ ಪ್ರತಿಭೆಗೆ ಕೊರತೆಯಿರಲಿಲ್ಲ. ವರ್ಣದಿಂದ ಮಂಗಳದವರೆಗಿನ ಸಭೆಯ ಕ್ರಮವನ್ನು ಹಜಾರಕ್ಕೆ ಹಾಗೇ ಎತ್ತಿಕೊಂಡು ಬಂದದ್ದೇ ತಪ್ಪು. ಅರಿಯಾಕುಡಿ ರಾಮಾನುಜ ಅಯ್ಯಂಗಾರರ ಹೆಸರಿನೊಂದಿಗೆ ಬೆಸೆದಿರುವ ಆ ಪದ್ಧತಿ ರೂಪುಗೊಂಡದ್ದು 20ನೇ ಶತಮಾನದ ಟಿಕೆಟ್ ಸಭೆಗಳಿಗಾಗಿ, ನಾನಾ ಅಭಿರುಚಿಯ ಜನಸಮೂಹಕ್ಕಾಗಿ. ಅದು ಅಲ್ಲಿಗೆ ಅತ್ಯಂತ ಸಮರ್ಥವಾದದ್ದು. ಇಲ್ಲಿ ಅದು ಹೊರೆ.

ಹಾಗಾಗಿ ಸಂಘಟಕರಲ್ಲಿ ನನ್ನ ಆಗ್ರಹ ಇಷ್ಟೇ: ಮನೆ ಕಛೇರಿಯನ್ನು ಹಳೆಯದರ ಪುನರುಜ್ಜೀವನವೆಂದು ಸಾರುವುದನ್ನು ಬಿಡಿ. ಇದು ನಮ್ಮ ಕಾಲದ ಹೊಸ ಪ್ರಕಾರ. ಒಂದೆರಡು ರಾಗಗಳಿಗೆ ಪೂರ್ತಿ ಸಂಜೆ, ತಾನಕ್ಕೆ ಧಾರಾಳ ಅವಕಾಶ, ಬೇಕೆನಿಸಿದರಷ್ಟೇ ತನಿ. ಇಂಥದೊಂದು ಸ್ವಂತ ಪದ್ಧತಿಯನ್ನು ಕಟ್ಟಿಕೊಳ್ಳದಿದ್ದರೆ ಮನೆ ಕಛೇರಿ ಬರೀ ಮೈಕ್ ಇಲ್ಲದ ಸಭೆಯಾಗಿ ಉಳಿಯುತ್ತದೆ.